ಎಂಟಂಗುಲಕ್ಕೆ ಒಂದಂಗುಲ ಕಡಿಮೆ

ಟೈಲರ್ ತನ್ನ ನಲವತ್ತು ವರ್ಷದ ಕಸುಬಿನಲ್ಲಿ ಯಾರಿಗೂ ಕಂಕುಳಲ್ಲಿ ಬಿಗಿಯುವ ಅಂಗಿ ಹೊಲಿದು ಕೊಟ್ಟವನಲ್ಲ. ಗಿರಾಕಿಯನ್ನು ನೆಟ್ಟಗೆ ನಿಲ್ಲಿಸಿ ಟೇಪು ಹಿಡಿಯುವುದು ಎಲ್ಲರೂ ಮಾಡುವ ಕೆಲಸ. ಇವನು ಅದಾದ ಮೇಲೆ, "ಈಗ ಕೈ ಮೇಲೆತ್ತಿ, ಈಗ ಬಗ್ಗಿ, ಈಗ ಕೂತ್ಕೊಳ್ಳಿ" ಎಂದು ಸಣ್ಣದೊಂದು ಕವಾಯತು ಮಾಡಿಸುತ್ತಿದ್ದ. ನಿಂತ ಮೈ ಬೇರೆ, ಬಗ್ಗಿದ ಮೈ ಬೇರೆ, ಬಗ್ಗುವ ಮೈಗೆ ಅರ್ಧ ಅಂಗುಲ ಸಡಿಲ ಬಿಡದವನು ಟೈಲರೇ ಅಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಇಂಥ ಮಹಾಪಂಡಿತ ಅಂಗಡಿಯ ಹಿಂದಿನ ಕೋಣೆಯಲ್ಲಿ ಆಟದ ರೈಲಿಗೆ ಸುರಂಗ ಮಾಡುವಾಗ ರೈಲನ್ನು ನೆಟ್ಟಗೆ ನಿಲ್ಲಿಸಿ ಅಳೆದ, ಅಳತೆಗೆ ಸರಿಯಾಗಿ ಸುರಂಗದ ಬಾಯಿ ಕತ್ತರಿಸಿದ, ಅದರ ಮೇಲೆ ಹೆಂಡತಿಯ ಕೈಯಲ್ಲಿ ಒಂದು ಬೆಟ್ಟವನ್ನೂ ಕಟ್ಟಿಸಿಬಿಟ್ಟ. ಸುರಂಗವಿದ್ದದ್ದು ತಿರುವಿನಲ್ಲಿ.

ರೈಲಿಗೆ ಕೈ ಮೇಲೆತ್ತಲು ಬರುವುದಿಲ್ಲ, ನಿಜ. ಆದರೆ ತಿರುವಿನಲ್ಲಿ ಹಳಿ ಬಾಗುತ್ತದೆ, ಎಂಜಿನ್ ಬಾಗುವುದಿಲ್ಲ. ಉದ್ದನೆಯ ಎಂಜಿನ್ನಾದರೆ ಮೂತಿ ಒಂದು ಕಡೆ, ಹೊಟ್ಟೆ ಇನ್ನೊಂದು ಕಡೆ ಹಳಿಯಿಂದ ಹೊರಗೆ ಚಾಚುತ್ತದೆ. ಆರು ತಿಂಗಳ ಹಿಂದೆ ಆಸೆಪಟ್ಟು ತಂದ ದೊಡ್ಡ ಕಪ್ಪು ಉಗಿ ಎಂಜಿನ್ ಮೊದಲ ಸುತ್ತಿನಲ್ಲೇ ಸುರಂಗದ ಬಾಯಿಗೆ ಸಿಕ್ಕಿಕೊಂಡು, ಬಿಗಿ ಬನಿಯನ್ನಿನಲ್ಲಿ ತಲೆ ಸಿಕ್ಕಿಸಿಕೊಂಡವರ ಹಾಗೆ ಗುರುಗುಟ್ಟಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಕಂಕುಳಲ್ಲಿ ಹಿಡೀತಿದೆ ಅಲ್ವೇನ್ರೀ?" ಎಂದಳು.

"ಬಾಯಿ ಒಂಚೂರು ಅಗಲ ಮಾಡಿದ್ರೆ ಸರಿಹೋಗುತ್ತೆ ಕಣೇ."

"ನನ್ನ ಬೆಟ್ಟಕ್ಕೆ ಕತ್ತರಿ ಹಾಕಿ ನೋಡಿ. ಆಮೇಲೆ ಊಟ, ನಿದ್ದೆ ಎಲ್ಲಾ ಆ ಟೇಬಲ್ ಮೇಲೇ ಮಾಡ್ಕೊಳ್ಳಿ."

ಅವಳ ಮಾತಿನಲ್ಲಿ ನ್ಯಾಯವಿತ್ತು. ಕಾಲರಿಗೆ ಹಾಕುವ ಕ್ಯಾನ್ವಾಸಿನ ಚೂರುಗಳನ್ನು ಪ್ಲಾಸ್ಟರಿನಲ್ಲಿ ಅದ್ದಿ ಅದ್ದಿ, ಒಂದಿಡೀ ವರ್ಷದ ಮಧ್ಯಾಹ್ನಗಳನ್ನು ಸುರಿದು ಅವಳು ಕಟ್ಟಿದ ಬೆಟ್ಟ ಅದು. ಬಂಡೆಗಳ ನಡುವೆ ಹುಲ್ಲು, ಹುಲ್ಲಿನ ನಡುವೆ ಒಂದು ಕಾಲುದಾರಿ, ದಾರಿಯ ಕೊನೆಯಲ್ಲಿ ಉಗುರಿನಷ್ಟು ಒಂದು ಬೆಂಚು. ಇಡೀ ಟೇಬಲ್ಲಿನ ಮೇಲೆ ನೋಡುವಂತಿದ್ದ ವಸ್ತು ಅದೊಂದೇ ಎಂದು ಟೈಲರಿಗೂ ಗೊತ್ತಿತ್ತು. ಹೀಗಾಗಿ ದೊಡ್ಡ ಎಂಜಿನ್ ಕಪಾಟಿಗೆ ಏರಿತು, ಡಬ್ಬಿಗಳನ್ನು ಅತ್ತಿತ್ತ ದೂಡುವ ಮೊಂಡು ಎಂಜಿನ್ನೊಂದು ಒಂಟಿಯಾಗಿ ಸುತ್ತು ಹಾಕುತ್ತಾ ಉಳಿಯಿತು.

ಇಷ್ಟಕ್ಕೇ ಮುಗಿದಿದ್ದರೆ ಅವನು ತನ್ನನ್ನು ತಾನೇ ಹಾಸ್ಯ ಮಾಡಿಕೊಂಡು ಸುಮ್ಮನಿರುತ್ತಿದ್ದ. ಆ ವಿದ್ಯೆಯಲ್ಲಿ ಅವನು ಪಳಗಿದ ಕೈ. ಅವನ ಎತ್ತರ ಐದಡಿ ಮೂರೂವರೆ ಅಂಗುಲ. ಉದ್ದನೆಯ ಗಿರಾಕಿ ಬಂದರೆ ಸ್ಟೂಲು ಹತ್ತಿ ಭುಜ ಅಳೆಯಬೇಕು. ಹತ್ತುವಾಗಲೇ, "ನಿಮ್ಮ ಭುಜದವರೆಗೆ ಹೋಗಿಬರೋಕೆ ದಾರಿಖರ್ಚು ಬೇರೆ ಆಗುತ್ತೆ ಸಾರ್" ಎಂದುಬಿಡುತ್ತಿದ್ದ. ಊರಿನವರು ಹಿಂದಿನಿಂದ ಮುಕ್ಕಾಲು ಮಾಸ್ಟರ್ ಅನ್ನುತ್ತಾರೆಂದು ತಿಳಿದ ದಿನದಿಂದ ತಾನೇ ಮುಂದಾಗಿ ಹಾಗೆ ಹೇಳಿಕೊಳ್ಳಲು ಶುರುಮಾಡಿದ್ದ. ಬೇರೆಯವರು ನಗುವ ಮೊದಲು ನಾವೇ ನಕ್ಕುಬಿಟ್ಟರೆ ನೋವು ಅರ್ಧ ಕಡಿಮೆ ಎಂದು ಅವನ ಲೆಕ್ಕ. ಉಳಿದ ಅರ್ಧದ ವಿಷಯ ಯಾರಿಗೂ ಹೇಳಿದವನಲ್ಲ.

ಆ ಉಳಿದ ಅರ್ಧ ಅಂದರೆ ಅಣ್ಣ. ಇಬ್ಬರೂ ಹರೆಯದಲ್ಲಿದ್ದಾಗ ಉಗಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಕೆಲಸಕ್ಕೆ ಒಟ್ಟಿಗೆ ಹೋಗಿ ಸಾಲಿನಲ್ಲಿ ನಿಂತಿದ್ದರು. ಐದಡಿ ನಾಲ್ಕಂಗುಲ ಇರಲೇಬೇಕು. ಎತ್ತರ ನೋಡುವ ಗುಮಾಸ್ತ ಟೈಲರನ ತಲೆಗೆ ಪಟ್ಟಿ ತಾಗಿಸಿ, "ಅರ್ಧ ಅಂಗುಲ ಕಡಿಮೆ, ನಡಿ" ಎಂದ. ಹಿಂದೆಯೇ ನಿಂತಿದ್ದ ಅಣ್ಣ ಪಾಸಾದ. ಅಣ್ಣ ಫೈರ್‌ಮನ್ ಆದ, ಡ್ರೈವರ್ ಆದ, ಉಗಿ ಎಂಜಿನ್ನುಗಳು ಮೂಲೆ ಸೇರುವವರೆಗೂ ಅವನ್ನೇ ಓಡಿಸಿದ. ತಮ್ಮ ಅಪ್ಪನ ಹೊಲಿಗೆ ಯಂತ್ರದ ಮುಂದೆ ಕೂತ. ಮನೆಯಲ್ಲಿ ಅಲ್ಲಿಂದಾಚೆ ರೈಲಿನ ಮಾತು ಅಣ್ಣನ ಸ್ವಂತ ಆಸ್ತಿ. ದೂರದಲ್ಲಿ ಸೀಟಿ ಕೇಳಿದರೆ ಎಲ್ಲರೂ ಅಣ್ಣನ ಮುಖ ನೋಡುತ್ತಿದ್ದರು, ತಮ್ಮನ ಮುಖ ಸೂಜಿಯ ಕಣ್ಣು ನೋಡುತ್ತಿತ್ತು.

ಟೈಲರ್ ಆಟದ ರೈಲು ಶುರುಮಾಡಿ ಆರು ವರ್ಷ. ಅಣ್ಣ ತಿಂಗಳಿಗೊಮ್ಮೆ ಅಂಗಡಿಗೆ ಬರುತ್ತಾನೆ, ಟೀ ಕುಡಿಯುತ್ತಾನೆ, ಪ್ಯಾಂಟಿನ ಸೊಂಟ ಬಿಡಿಸಿಕೊಂಡು ಹೋಗುತ್ತಾನೆ. ಹಿಂದಿನ ಕೋಣೆಯಿಂದ ಗರ್ ಎಂದು ಸದ್ದು ಬರುತ್ತಿದ್ದರೂ ಆ ಕಡೆ ತಿರುಗಿ ನೋಡಿದವನಲ್ಲ. ನಿಜವಾದ ಎಂಜಿನ್ನಿನ ಬಾಯಿಗೆ ಬೆಂಕಿ ಉಣಿಸಿದವನು ಬೊಂಬೆಯಾಟವನ್ನು ಯಾಕೆ ನೋಡುತ್ತಾನೆ ಎಂದು ಟೈಲರ್ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹೇಳಿಕೊಂಡಷ್ಟೂ ಉರಿಯುತ್ತಿತ್ತು. ಅರವತ್ತಮೂರು ವರ್ಷದ ಗಂಡಸು ಅಣ್ಣನ ಬಾಯಿಂದ "ಚೆನ್ನಾಗಿದೆ ಕಣೋ" ಎಂಬ ಎರಡು ಮಾತಿಗಾಗಿ ಕಾಯುವುದು ನಾಚಿಕೆಗೇಡು ಎಂದು ಗೊತ್ತಿತ್ತು, ಆದರೂ ಕಾಯುತ್ತಿದ್ದ.

ಹೀಗಿರುವಾಗ ಒಂದು ದಿನ ಅಣ್ಣನೇ ಫೋನು ಮಾಡಿ, "ಮುಂದಿನ ವಾರ ಬಿಟ್ಟು ಅದರ ಮುಂದಿನ ಭಾನುವಾರ ಬರ್ತೀನಿ. ನಿನ್ನ ರೈಲು ನೋಡ್ಬೇಕು" ಎಂದುಬಿಟ್ಟ.

ಟೈಲರ್ ಕಪಾಟಿನ ಬಾಗಿಲು ತೆಗೆದು ನಿಂತ. ಮೊಂಡು ಎಂಜಿನ್ನನ್ನು ತೋರಿಸುವುದೇ? ಅಣ್ಣ ಓಡಿಸಿದ ಜಾತಿಯ ಎಂಜಿನ್ ಕಪಾಟಿನಲ್ಲಿ ಕೂತಿದೆ, ಸುರಂಗದಲ್ಲಿ ಹಿಡಿಸುವುದಿಲ್ಲ. ಸುರಂಗ ಒಡೆದರೆ ಹೆಂಡತಿ ಬಿಡುವುದಿಲ್ಲ. ಇನ್ನು ಉಳಿದದ್ದು ಎಂಜಿನ್ನನ್ನೇ ಕುಗ್ಗಿಸುವುದು. ಮರುದಿನ ಬೆಳಿಗ್ಗೆ ಸುರಂಗದ ಬಾಯಿಯ ಆಕಾರಕ್ಕೆ ರಟ್ಟು ಕತ್ತರಿಸಿ, ಟೇಪು ಕೊರಳಿಗೆ ಹಾಕಿಕೊಂಡು, ದೊಡ್ಡ ಎಂಜಿನ್ನನ್ನು ಚೀಲದಲ್ಲಿಟ್ಟುಕೊಂಡು ರೈಲು ಬೊಂಬೆಯ ಅಂಗಡಿಗೆ ಹೋದ.

ಅಂಗಡಿಯವನು ಭೂತಗನ್ನಡಿಯನ್ನು ಹಣೆಯ ಮೇಲೆ ಏರಿಸಿಕೊಂಡೇ ಇರುವ ಸಣಕಲು ಮನುಷ್ಯ. ಮೇಜಿನ ಮೇಲೆ ಒಂದೇ ಜಾತಿಯ ಎರಡು ಕಪ್ಪು ಎಂಜಿನ್ನುಗಳನ್ನು ಜೊತೆಯಾಗಿ ಇಟ್ಟ.

"ನೋಡಿ ಮಾಸ್ಟ್ರೇ, ಹಳಿ ಎರಡಕ್ಕೂ ಒಂದೇ. ಇದು ಅಸಲಿ ಎಂಜಿನ್ನಿನ ಎಪ್ಪತ್ತಾರನೇ ಒಂದು ಪಾಲು, ನೀವು ತಂದಿರೋ ಥರದ್ದು. ಇದು ಎಂಬತ್ತೇಳನೇ ಒಂದು ಪಾಲು. ಸ್ವಲ್ಪ ಚಿಕ್ಕದು ಅಷ್ಟೇ."

ಟೈಲರ್ ಟೇಪು ಹಿಡಿದ. ದೊಡ್ಡದು ಎಂಟಂಗುಲವಿದ್ದರೆ ಚಿಕ್ಕದು ಏಳು. ಎಂಟಂಗುಲಕ್ಕೆ ಒಂದಂಗುಲ ಕಡಿಮೆ. ಕೋಟಿನಲ್ಲಿ ಅಷ್ಟು ಕಡಿಮೆಯಾದರೆ ಗಿರಾಕಿ ಕೋಟನ್ನು ಟೈಲರನ ಮುಖಕ್ಕೆ ಎಸೆದು ಹೋಗುತ್ತಾನೆ.

"ಪಕ್ಕದಲ್ಲಿಟ್ಟರೆ ಗೊತ್ತಾಗುತ್ತಲ್ರೀ."

"ಪಕ್ಕದಲ್ಲಿ ಇಡ್ಬೇಡಿ."

"ತಿಳಿದವರ ಕಣ್ಣಿಗೆ?"

"ತಿಳಿದವರು ಅಂದ್ರೆ?"

"ಮೂವತ್ತು ವರ್ಷ ಇದನ್ನೇ ಓಡಿಸಿದವರು."

ಅಂಗಡಿಯವನು ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿ ಟೈಲರನನ್ನೇ ಒಮ್ಮೆ ನೋಡಿದ. "ಹಾಗಾದ್ರೆ ಅವರಿಗೆ ಕುರ್ಚಿ ದೂರ ಹಾಕಿ" ಎಂದ.

ಈ ಸಲ ಟೈಲರ್ ಮೋಸಹೋಗಲಿಲ್ಲ. ಅಂಗಡಿಯ ತುಂಡು ಹಳಿಗಳಲ್ಲಿ ತಿರುವು ಜೋಡಿಸಿ, ರಟ್ಟು ನಿಲ್ಲಿಸಿ, ಏಳಂಗುಲದ ಎಂಜಿನ್ನಿಗೆ ಮುಂದೆ ಹಿಂದೆ ಹನ್ನೆರಡು ಸಲ ಕವಾಯತು ಮಾಡಿಸಿದ. ಒಂದು ಬೆಂಕಿಕಡ್ಡಿಯಷ್ಟು ಸಡಿಲ ಉಳಿಯಿತು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಗಾದೆಯನ್ನು ಜೋರಾಗಿಯೇ ಹೇಳಿ, ತನ್ನ ದೊಡ್ಡದನ್ನು ಬದಲಿಗೆ ಅಂಗಡಿಯವನಿಗೆ ಒಪ್ಪಿಸಿ ಚಿಕ್ಕದನ್ನು ಮನೆಗೆ ತಂದ. ಜನ ತನ್ನ ಮೇಲೆ ಹೇಳಿದ ಗಾದೆಯನ್ನು ತಾನು ಒಂದು ಎಂಜಿನ್ನಿಗೆ ದಾಟಿಸಿಬಿಟ್ಟೆನಲ್ಲ ಎಂದು ದಾರಿಯಲ್ಲಿ ಅವನಿಗೇ ನಗು ಬಂತು.

ಎಂಜಿನ್ ಸುರಂಗದಲ್ಲಿ ಹೂವಿನ ಹಾಗೆ ಹೋಗಿಬಂತು. ಆದರೆ ನಿಲ್ದಾಣದಲ್ಲಿ ನಿಂತಾಗ ಬೇರೆಯೇ ತಮಾಷೆ ಕಂಡಿತು. ಪ್ಲಾಟ್‌ಫಾರಮ್ಮಿನ ಬೊಂಬೆ ಪ್ರಯಾಣಿಕರೆಲ್ಲ ಹಳೆಯ ಅಳತೆಯವರು. ಸ್ಟೇಷನ್ ಮಾಸ್ಟರ್ ಎಂಜಿನ್ನಿನ ತಲೆ ಸವರುವಷ್ಟು ಎತ್ತರವಾಗಿದ್ದ. ಕೊಡೆ ಹಿಡಿದ ಹೆಂಗಸು ಡ್ರೈವರನ ಕಿಟಕಿಯನ್ನು ಮೇಲಿನಿಂದ ಇಣುಕುತ್ತಿದ್ದಳು. ಟೈಲರ್ ಮತ್ತೆ ಅಂಗಡಿಗೆ ಓಡಿ ಚಿಕ್ಕ ಅಳತೆಯ ಪ್ರಯಾಣಿಕರನ್ನು ತಂದ. ಆಗ ನಿಲ್ದಾಣದ ಬಾಗಿಲು ದೊಡ್ಡದಾಗಿ ಕಂಡಿತು, ಅದನ್ನು ಕೆಳಗಿನಿಂದ ಕೊಯ್ದ. ಬಾಗಿಲು ಸರಿಯಾದರೆ ದೀಪದ ಕಂಬಗಳು ಉದ್ದ, ಅವಕ್ಕೂ ಕತ್ತರಿ ಬಿತ್ತು. ಹಸುಗಳನ್ನು ಕತ್ತರಿಸಲಾಗದೆ ದೂರದ ಹೊಲಕ್ಕೆ ಅಟ್ಟಿದ. ಹತ್ತು ದಿನ ಹೊಲಿಗೆ ಕೆಲಸ ಅರ್ಧಕ್ಕರ್ಧ ನಿಂತಿತು, ಬಾಕಿಯಿದ್ದ ಮೂರು ಪ್ಯಾಂಟುಗಳ ಗಿರಾಕಿಗಳು ಬಂದು ಬಂದು ಹೋದರು.

"ಒಂದು ಕೋಟು ಚಿಕ್ಕದಾಯ್ತು ಅಂತ ಊರಿನವರನ್ನೆಲ್ಲ ಕೊಯ್ದು ಕುಗ್ಗಿಸ್ತಿದೀರಲ್ಲ, ನಿಮ್ಮಂಥ ಟೈಲರನ್ನ ನಾನೆಲ್ಲೂ ನೋಡಿಲ್ಲ" ಎಂದಳು ಹೆಂಡತಿ. ಅವಳ ಬೆಂಚಿಗೆ ಮಾತ್ರ ಅವನು ಕೈ ಹಚ್ಚಲಿಲ್ಲ. ಜೀವದ ಮೇಲೆ ಆಸೆಯಿತ್ತು.

ಎಲ್ಲ ಮುಗಿಯಿತು ಅನ್ನುವಾಗ ಡ್ರೈವರ್ ಉಳಿದ. ಆರು ತಿಂಗಳ ಹಿಂದೆ ದೊಡ್ಡ ಎಂಜಿನ್ನಿಗೆಂದು ಒಂದು ಡ್ರೈವರ್ ಬೊಂಬೆಯನ್ನು ತಂದು, ಅಣ್ಣನ ಹಳೆಯ ಫೋಟೋ ಮುಂದಿಟ್ಟುಕೊಂಡು ಬಣ್ಣ ಬಳಿದಿದ್ದ. ಕೊರಳಿಗೆ ಕೆಂಪು ಕರವಸ್ತ್ರ, ಒಂದೇ ಕೂದಲಿನ ಕುಂಚದಲ್ಲಿ ಎಳೆದ ಮೀಸೆ. ನಾಲ್ಕು ಸಲ ಅಳಿಸಿ ಐದನೇ ಸಲಕ್ಕೆ ಬಂದ ಮೀಸೆ ಅದು. ಮೀಸೆಯಡಿಯ ಆ ಸೊಟ್ಟ ನಗೆ ತಾನಾಗಿ ಬಂದದ್ದು, ಇನ್ನೊಂದು ಸಲ ಬರುವುದಿಲ್ಲವೆಂದು ಗೊತ್ತಿತ್ತು. ಬೊಂಬೆ ಈಗ ಎಂಜಿನ್ನಿನೊಳಗೆ ಹಿಡಿಸಲಿಲ್ಲ. ತಲೆ ಚಾವಣಿಗೆ ಬಡಿಯಿತು. ಓರೆ ಮಾಡಿದರೆ ಕುಡಿದವನಂತೆ ಕಂಡಿತು. ಬಗ್ಗಿಸಿದರೆ ಏನೋ ಕಳೆದುಕೊಂಡು ಹುಡುಕುವವನಂತೆ ಕಂಡಿತು. ಶನಿವಾರ ಸಂಜೆ ಟೈಲರ್ ಗುಂಡಿಯ ರಂಧ್ರ ಕೊಯ್ಯುವ ಸಣ್ಣ ಕತ್ತರಿ ತೆಗೆದುಕೊಂಡು, ಒಮ್ಮೆ ಬಾಗಿಲ ಕಡೆ ನೋಡಿ, ಅಣ್ಣನ ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ಕತ್ತರಿಸಿಬಿಟ್ಟ. ಈಗ ಸರಿಯಾಗಿ ಹಿಡಿಸಿತು. ಕತ್ತರಿಸುವಾಗ ಒಂದು ಕ್ಷಣ ಕೈಗೆ ಹಿತವೆನಿಸಿತು, ಅದಕ್ಕೆ ಅವನು ತನ್ನನ್ನು ಚೆನ್ನಾಗಿ ಬೈದುಕೊಂಡ.

ಭಾನುವಾರ ಅಣ್ಣ ಬಂದ. ಅಣ್ಣ ಎತ್ತರದ ಆಳೆಂದು ಎಲ್ಲರೂ ನಂಬಿದ್ದರು. ಆ ದನಿ, ಆ ಮೀಸೆ, ದಪ್ಪ ಅಟ್ಟೆಯ ಆ ಬೂಟು, ಬಾಗಿಲು ಹೊಕ್ಕರೆ ಬಾಗಿಲೇ ತುಂಬಿದ ಹಾಗೆ. ಕೋಣೆಯ ಹೊರಗೆ ಬೂಟು ಬಿಚ್ಚಿ ಒಳಗೆ ಬಂದ. ಟೈಲರ್ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಟ್ಟಿದ್ದ. ಅಣ್ಣ ಅದನ್ನು ಎತ್ತಿಕೊಂಡು ಬಂದು ಟೇಬಲ್ಲಿನ ಅಂಚಿಗೆ ಹಾಕಿ ಕೂತ.

"ಬೆಟ್ಟ ಯಾರು ಮಾಡಿದ್ದು?"

"ನಾನೇ ಭಾವ" ಎಂದಳು ಹೆಂಡತಿ, ಟೀ ಲೋಟ ಕೊಡುತ್ತಾ.

"ಚೆನ್ನಾಗಿದೆಯಮ್ಮ."

ಆರು ವರ್ಷ ಕಾದ ಮಾತು ಬೆಟ್ಟದ ಪಾಲಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಟೈಲರ್ ಹಲ್ಲು ಕಿರಿದು ನಿಂತ. ಹೆಂಡತಿ ಅವನ ಮುಖ ನೋಡಿ, ನಗು ತಡೆದುಕೊಂಡು ಒಳಗೆ ಹೋದಳು.

ಎಂಜಿನ್ ನಿಲ್ದಾಣದಲ್ಲಿ ನಿಂತಿತ್ತು. ಅಣ್ಣ ಕನ್ನಡಕ ಹಾಕಿಕೊಂಡು ಅದರ ಮಟ್ಟಕ್ಕೆ ಬಗ್ಗಿ ಬಹಳ ಹೊತ್ತು ನೋಡಿದ. ಚಕ್ರ ಎಣಿಸಿದ, ಕೊಳವೆ ನೋಡಿದ. "ನನ್ನ ಗಾಡಿ" ಎಂದ. ಆಮೇಲೆ, "ಒಂಚೂರು ಕುಳ್ಳಗಿದೆ ಅಲ್ವೇನೋ?"

ಟೈಲರನ ಬಾಯಿಗೆ ಬೀಗವೇ ಇಲ್ಲದಂತಾಯಿತು. "ಹೂಂ, ಕುಳ್ಳನ ಮನೆ ಎಂಜಿನ್ ಇನ್ನೆಂಗಿರುತ್ತೆ? ಕಣ್ಣಿಗೆ ಹೊಂದಲಿ ಅಂತ ಊರಿಗೆ ಊರನ್ನೇ ಕೊಯ್ದಿದೀನಿ. ಸುರಂಗ ಅಳೆಯೋವಾಗ ಬುದ್ಧಿ ಮೇಯೋಕೆ ಹೋಗಿತ್ತು. ನಿಂಗೆ ಗೊತ್ತಾಗ್ಬಾರ್ದು ಅಂತಾನೇ ಕುರ್ಚಿ ಗೋಡೆ ಹತ್ರ ಹಾಕಿದ್ದೆ."

ಅಣ್ಣ ಕೇಳಿಸಿಕೊಳ್ಳುತ್ತಿದ್ದನೋ ಇಲ್ಲವೋ, ಎರಡು ಬೆರಳನ್ನು ಕಿಟಕಿಯೊಳಗೆ ತೂರಿಸಿ ಡ್ರೈವರನನ್ನು ಹೊರಗೆ ತೆಗೆದ. ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ.

"ಇದು ನಾನಾ?"

"ಹೂಂ."

"ಕಾಲೆಲ್ಲಿ?"

"ಕತ್ತರಿಸಿದೆ. ಒಳಗೆ ಹಿಡಿಸ್ಲಿಲ್ಲ ಅಣ್ಣ."

ಅಣ್ಣ ನಕ್ಕ. ಹೊಟ್ಟೆ ಹಿಡಿದುಕೊಂಡು, ಟೀ ಚೆಲ್ಲಿಕೊಂಡು ನಕ್ಕ. ಟೈಲರೂ ನಕ್ಕ, ಅಭ್ಯಾಸಬಲ. ಆದರೆ ಅಣ್ಣನ ನಗು ನಡುವೆಯೇ ನಿಂತುಹೋಯಿತು. ಬೊಂಬೆಯನ್ನು ನೋಡುತ್ತಲೇ, "ಈಗ ನನ್ನ ಅಳತೆ ಸರಿಯಾಯ್ತು" ಎಂದ.

"ಏನು ಹಂಗಂದ್ರೆ?"

"ನಾನೂ ಕಮ್ಮಿ ಇದ್ದೆ ಕಣೋ. ಆವತ್ತು. ನಿನಗಿಂತ ಕಾಲಂಗುಲ ಕಮ್ಮಿ."

ಟೈಲರಿಗೆ ಅರ್ಥವಾಗಲಿಲ್ಲ. ಅಣ್ಣ ತಲೆ ಎತ್ತದೆ ಹೇಳಿದ. "ಹಿಂದಿನ ದಿನ ಚಪ್ಪಲಿ ಹೊಲಿಯೋನ ಹತ್ರ ಒಂದು ಉಂಡೆ ಮೇಣ ಇಸ್ಕೊಂಡೆ. ತಟ್ಟಿ ನೆತ್ತಿ ಮೇಲೆ ಕೂದಲೊಳಗೆ ಮೆತ್ಕೊಂಡೆ. ಕೂದಲು ಆಗ ಹೇಗಿತ್ತು, ನಿನಗೆ ನೆನಪಿದ್ಯಲ್ಲ. ಪಟ್ಟಿ ಬಂದು ಮೇಣದ ಮೇಲೆ ಕೂತ್ಕೊಳ್ತು. ಆ ಗುಮಾಸ್ತ ಕೈ ಹಾಕಿ ನೋಡ್ಲಿಲ್ಲ."

ಕೆಲಸ ಸಿಕ್ಕಿದ ವಾರವೇ ಅಣ್ಣ ತಲೆ ಬೋಳಿಸಿಕೊಂಡು ಬಂದಿದ್ದ. ಬೆಂಕಿಯ ಮುಂದೆ ಕೂದಲಿರಬಾರದು ಎಂದಿದ್ದ, ಮನೆಯವರೆಲ್ಲ ಎಂಥ ಶಿಸ್ತು ಎಂದು ಕೊಂಡಾಡಿದ್ದರು. ಅಂಟಿದ ಮೇಣ ಬಿಡದ್ದರಿಂದ ಬೋಳಿಸಿದ್ದು ಎಂದು ಟೈಲರಿಗೆ ಈಗ ಹೊಳೆಯಿತು. ಅದಕ್ಕಿಂತ ಕೆಟ್ಟದ್ದು ಅದರ ಹಿಂದೆಯೇ ಹೊಳೆಯಿತು. ಮೂವತ್ತು ವರ್ಷ ಅಣ್ಣನ ಪ್ಯಾಂಟು ಹೊಲಿದವನು ಅವನೇ. ಅಳತೆ ಪುಸ್ತಕದಲ್ಲಿ ಅಣ್ಣನ ಉದ್ದ ಮೂವತ್ತೆಂಟು, ತನ್ನದೂ ಮೂವತ್ತೆಂಟು. ಬರೆಯುವಾಗಲೆಲ್ಲ, ಅಣ್ಣ ಮಸಿ ತಾಗದಿರಲೆಂದು ಪ್ಯಾಂಟು ಮೋಟಾಗಿ ಹಾಕುತ್ತಾನೆ ಎಂದುಕೊಂಡಿದ್ದ. ಟೇಪು ಹೇಳಿದ್ದನ್ನು ಬಿಟ್ಟು ಬೂಟು, ಮೀಸೆ ಹೇಳಿದ್ದನ್ನು ನಂಬಿದ ಟೈಲರ್ ಪ್ರಪಂಚದಲ್ಲಿ ಅವನೊಬ್ಬನೇ ಇದ್ದಾನು.

ಆಮೇಲೆ ಸಿಟ್ಟು ಬಂತು. ಜೀವಮಾನದಲ್ಲೇ ಅಣ್ಣನ ಮುಂದೆ ಬಾರದಿದ್ದ ಸಿಟ್ಟು.

"ನನಗೂ ಒಂಚೂರು ಮೇಣ ಕೊಡ್ಬಹುದಿತ್ತಲ್ಲ."

"ಕೊಡ್ಬಹುದಿತ್ತು. ಉಂಡೆ ದೊಡ್ಡದೇ ಇತ್ತು."

"ಮತ್ತೆ?"

"ಅಪ್ಪನಿಗೆ ಕಣ್ಣು ಕಾಣ್ತಿರ್ಲಿಲ್ಲ. ಅಂಗಡೀಲಿ ಒಬ್ಬ ಉಳೀಲೇಬೇಕಿತ್ತು. ಉಳಿಯೋನು ನಾನಾಗೋದು ಬೇಡ ಅನ್ನಿಸ್ತು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದೀನಿ, ಸಿಕ್ಕಿಲ್ಲ." ಅಣ್ಣ ಬೊಂಬೆಯನ್ನು ಮತ್ತೆ ಎಂಜಿನ್ನಿನೊಳಗೆ ಕೂರಿಸಲು ಹೋಗಿ ಅಂಗೈಯಲ್ಲೇ ಇಟ್ಟುಕೊಂಡ. "ಈ ರೂಮಿನ ಸದ್ದು ಕೇಳಿದಾಗೆಲ್ಲ ಒಳಗೆ ಬರೋಕೆ ಮುಖ ಇರ್ತಿರ್ಲಿಲ್ಲ. ನೀನು ಕರೀತೀಯೇನೋ ಅಂತ ನೋಡ್ತಿದ್ದೆ. ನೀನೂ ಕರೀಲಿಲ್ಲ."

ಟೈಲರ್ ಹಾಸ್ಯವೊಂದು ಬಾಯಿಗೆ ಬರಬಹುದೆಂದು ಕಾದ, ಬರಲಿಲ್ಲ. ನಲವತ್ತು ವರ್ಷ ತನ್ನ ಅರ್ಧ ಅಂಗುಲವನ್ನು ತಾನೇ ಆಡಿಕೊಂಡು ನಕ್ಕದ್ದೆಲ್ಲ ನೆನಪಾಯಿತು. ಅಣ್ಣನ ಕೈಯಿಂದ ಬೊಂಬೆಯನ್ನು ಕಿತ್ತುಕೊಂಡ. ಇದನ್ನು ಕಿಟಕಿಯಾಚೆ ಎಸೆದುಬಿಡಬೇಕು ಅನ್ನಿಸಿತು. ಎಸೆಯಲಿಲ್ಲ. ಅದನ್ನು ಎಂಜಿನ್ನಿನೊಳಗೆ, ಡ್ರೈವರ್ ನಿಲ್ಲುವ ಕಡೆ ಅಲ್ಲ, ಕಲ್ಲಿದ್ದಲಿನ ರಾಶಿಗೆ ಮುಖ ಮಾಡಿ ನಿಲ್ಲಿಸಿದ.

ಅಣ್ಣ ಅದನ್ನು ನೋಡಿದ. ಹೊತ್ತು ಕಳೆಯಲೆಂಬಂತೆ ಟೇಬಲ್ಲಿನ ಅಂಚಿನಲ್ಲಿದ್ದ ವೇಗದ ಗುಂಡಿಯ ಕಡೆ ಕೈ ಚಾಚಿದ.

"ಕೈ ತೆಗಿ" ಎಂದ ತಮ್ಮ. "ಓಡಿಸೋನು ನಾನು."

ಅಣ್ಣ ಕೈ ತೆಗೆದ.

"ನಾನೇನು ಮಾಡ್ಲಿ?"

"ಕಲ್ಲಿದ್ದಲು ಹಾಕು. ನಾನು ಹೇಳ್ದಾಗ ಸೀಟಿ ಹೊಡಿ. ಈ ಎಂಜಿನ್ನಿಗೆ ಸೀಟಿ ಇಲ್ಲ."

ಟೈಲರ್ ಸ್ಟೂಲು ಎಳೆದುಕೊಂಡು ಕೂತು ಗುಂಡಿ ತಿರುಗಿಸಿದ. ಏಳಂಗುಲದ ಎಂಜಿನ್ ಕುಗ್ಗಿದ ನಿಲ್ದಾಣ ಬಿಟ್ಟು, ಮೋಟು ಕಂಬಗಳನ್ನು ದಾಟಿ, ಬೆಟ್ಟದ ತಿರುವಿಗೆ ಬಂತು.

"ಸುರಂಗ" ಎಂದ ತಮ್ಮ, ತಿರುಗಿ ನೋಡದೆ.

ಅರವತ್ತೈದು ವರ್ಷದ ಅಣ್ಣ ಎರಡು ಬೆರಳು ಬಾಯಿಗಿಟ್ಟುಕೊಂಡು ಸೀಟಿ ಹೊಡೆದ. ಮೊದಲ ಸಲ ಬರೀ ಗಾಳಿ ಬಂತು.

"ಇನ್ನೊಂದ್ಸಲ" ಎಂದ ತಮ್ಮ. ಅಣ್ಣ ಇನ್ನೊಂದು ಸಲ ಹೊಡೆದ.